ಪ್ರಾರ್ಥನಾಲಯ ಕಚೇರಿಯಾದಾಗ: ವಿಜಯಪುರದ ಪಾಠ, ದಾವಣಗೆರೆಯ ಪ್ರಶ್ನೆ

ದಾವಣಗೆರೆ: ಹರಿಹರದ ಹರಿಹರೇಶ್ವರ ದೇವಾಲಯಕ್ಕೆ 2024ರಲ್ಲಿ ಎಂಟುನೂರು ವರ್ಷ ತುಂಬಿತು. ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಈ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಅದೇ ಊರಿನ ಆರೋಗ್ಯ ಮಾತೆ ಚರ್ಚ್ 2019ರಲ್ಲಿ ಬೆಸಿಲಿಕಾ ಸ್ಥಾನಮಾನ ಪಡೆಯಿತು. ಕಟ್ಟಿದ ಉದ್ದೇಶಕ್ಕೇ ಬಳಕೆಯಾಗುತ್ತಿರುವ ಕಟ್ಟಡಗಳಿಗೆ ಇದು ಭಾಗ್ಯವೇ ಸರಿ. ಎಲ್ಲ ಪ್ರಾರ್ಥನಾಲಯಗಳಿಗೂ ಈ ಭಾಗ್ಯ ಒದಗಿಲ್ಲ. ಇತಿಹಾಸದಲ್ಲಿ ಹಲವು ಮಂದಿರಗಳು ಸರ್ಕಾರಿ ಕಚೇರಿಗಳಾಗಿ ಮಾರ್ಪಟ್ಟಿವೆ.

ರಾಜ್ಯದಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನ ವಿಜಯಪುರ. ಬ್ರಿಟಿಷ್ ಆಡಳಿತ 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಅಲ್ಲಿಗೆ ವರ್ಗಾಯಿಸಿದಾಗ ಹೊಸ ಕಟ್ಟಡಗಳ ಬದಲು ಆದಿಲ್‌ಶಾಹಿ ಕಟ್ಟಡಗಳನ್ನೇ ಬಳಸಿಕೊಂಡಿತು. ಚೀನಿ ಮಹಲ್ ಕಚೇರಿಯಾಯಿತು. ಬುಖಾರಿ ಮಸೀದಿಯಲ್ಲಿ ಅಂಚೆ ಕಚೇರಿ ಕುಳಿತಿತು. ಗೋಲಗುಮ್ಮಟದ ಪಕ್ಕದ ಮಸೀದಿ ಪ್ರವಾಸಿ ಬಂಗಲೆಯಾಯಿತು. ವೈಸರಾಯ್ ಲಾರ್ಡ್ ಕರ್ಜನ್ ಅವಧಿಯಲ್ಲಿ (1899-1905) ಅಂಚೆ ಕಚೇರಿ ಮತ್ತು ಬಂಗಲೆ ಎರಡನ್ನೂ ಮಸೀದಿಗಳಿಂದ ತೆರವುಗೊಳಿಸಲಾಯಿತು. 1904ರಲ್ಲಿ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆಯೂ ಜಾರಿಗೆ ಬಂದಿತು.

ಲಾಹೋರ್‌ನ ಅನಾರ್ಕಲಿ ಸಮಾಧಿಯ ಕಥೆ ಇನ್ನೂ ವಿಚಿತ್ರ. ಮೊಘಲ್ ಕಾಲದ ಈ ಅಷ್ಟಕೋನ ಕಟ್ಟಡ 1851ರಲ್ಲಿ ಚರ್ಚ್ ಆಯಿತು, 1891ರಲ್ಲಿ ಪಂಜಾಬ್ ಸರ್ಕಾರದ ದಾಖಲೆಗಳ ಭಂಡಾರವಾಯಿತು.

ವಾಸ್ತುವಿನ ತಕರಾರು

ಪ್ರಾರ್ಥನಾಲಯದ ವಾಸ್ತು ಕಚೇರಿಗೆ ಸುಲಭವಾಗಿ ಒಗ್ಗುವುದಿಲ್ಲ. ಅದು ಒಂದೇ ದಿಕ್ಕಿಗೆ ಮುಖ ಮಾಡಿದ, ಅಡ್ಡಗೋಡೆಗಳಿಲ್ಲದ ಎತ್ತರದ ಸಭಾಂಗಣ. ಮಸೀದಿಯಲ್ಲಿ ಮುಂಭಾಗದ ಕಮಾನುಗಳು ತೆರೆದಿರುತ್ತವೆ. ಚರ್ಚ್‌ನಲ್ಲಿ ಎತ್ತರದ ಕಿಟಕಿಗಳಿಂದ ಬೆಳಕು ಇಳಿಯುತ್ತದೆ. ಕಚೇರಿಗಾದರೋ ಕೊಠಡಿಗಳು, ಬಾಗಿಲು, ಬೀಗ, ಕಡತಗಳ ಕಪಾಟು, ಶೌಚಾಲಯ ಬೇಕು. ಆದ್ದರಿಂದ ಕಮಾನುಗಳಿಗೆ ಗೋಡೆ ಕಟ್ಟಲಾಗುತ್ತದೆ. ನಡುವೆ ಮಹಡಿ ಹಾಕಿದರೆ ಕಿಟಕಿಗಳು ಅರ್ಧಕ್ಕೆ ತುಂಡಾಗುತ್ತವೆ. ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ತೇವಾಂಶ ಹೊರಹೋಗಲಾರದೆ ಕಲ್ಲು, ಇಟ್ಟಿಗೆ ಸವೆಯುತ್ತವೆ.

ಹಾಗೆಂದು ಕಚೇರಿ ಬಳಕೆಯನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಯಾರೂ ಬಳಸದ ಕಟ್ಟಡ ಬೇಗ ಪಾಳು ಬೀಳುತ್ತದೆ. ದಿನವೂ ಬಾಗಿಲು ತೆರೆಯುವವರಿದ್ದರೆ ಸೋರುವ ಸೂರು ಕಣ್ಣಿಗೆ ಬೀಳುತ್ತದೆ. ಮಾಡಿದ ಬದಲಾವಣೆಯನ್ನು ನಾಳೆ ಅಳಿಸಿ ಮೂಲ ರೂಪಕ್ಕೆ ಮರಳಲು ಸಾಧ್ಯವೇ ಎಂಬುದೇ ನಿಜವಾದ ಮಾನದಂಡ. ಗೋಡೆಗೆ ಮೊಳೆ ಹೊಡೆಯದೆ ನಿಲ್ಲಿಸಿದ ಮರದ ತಡಿಕೆಯನ್ನು ತೆಗೆಯಬಹುದು. ಒಡೆದ ಕಮಾನನ್ನು ಮರಳಿ ತರಲಾಗದು.

ಕಾನೂನಿನ ಮಿತಿ

1958ರ ಕೇಂದ್ರ ಕಾಯ್ದೆಯ 16ನೇ ಕಲಮು, ಕೇಂದ್ರ ಸರ್ಕಾರ ನಿರ್ವಹಿಸುವ ಸಂರಕ್ಷಿತ ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಹೊಂದದ ಉದ್ದೇಶಕ್ಕೆ ಬಳಸುವಂತಿಲ್ಲ ಎನ್ನುತ್ತದೆ. ಆದರೆ ಸ್ಮಾರಕ ಎನಿಸಿಕೊಳ್ಳಲು ಕನಿಷ್ಠ ನೂರು ವರ್ಷ ತುಂಬಿರಬೇಕು, ಸರ್ಕಾರದ ಅಧಿಸೂಚನೆಯೂ ಬೇಕು.

ದಾವಣಗೆರೆಯ ಸಮಸ್ಯೆ ಇಲ್ಲಿಯೇ ಇದೆ. ಇದು 1930ರ ದಶಕದಿಂದ ಹತ್ತಿ ಗಿರಣಿಗಳೊಂದಿಗೆ ಬೆಳೆದ ನಗರ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. ಆ ಕಾಲದ ಕಟ್ಟಡಗಳಿಗೆ ಇನ್ನೂ ನೂರು ತುಂಬಿಲ್ಲ. ಪ್ರಾರ್ಥನಾ ಮಂದಿರವಾಗಲಿ, ಛತ್ರವಾಗಲಿ, ಗಿರಣಿಯಾಗಲಿ, ಅವುಗಳ ಅಳಿವು ಉಳಿವು ಮಾಲೀಕರ ಮತ್ತು ಸ್ಥಳೀಯ ಸಂಸ್ಥೆಗಳ ಕೈಯಲ್ಲಿದೆ. ಅತ್ತ 1997ರಲ್ಲಿ ಜಿಲ್ಲೆಯಾದ ಹಾಗೂ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಯ ಮೊದಲ ಇಪ್ಪತ್ತು ನಗರಗಳಲ್ಲಿ ಸ್ಥಾನ ಪಡೆದ ದಾವಣಗೆರೆಯಲ್ಲಿ ನಿವೇಶನದ ಬೇಡಿಕೆ ಕಡಿಮೆಯಾಗಿಲ್ಲ.

ನೂರು ವರ್ಷ ತುಂಬುವವರೆಗೆ ಕಾಯ್ದರೆ ಉಳಿಸಲು ಏನೂ ಇರಲಾರದು. ಯಾವ ಕಟ್ಟಡ ಯಾವ ಕಾಲದ್ದು, ಅದರಲ್ಲಿ ಏನನ್ನು ಮುಟ್ಟಬಾರದು ಎಂಬ ಪಟ್ಟಿಯನ್ನು ನಗರಾಡಳಿತಗಳು ಈಗಲೇ ಸಿದ್ಧಪಡಿಸಿಕೊಳ್ಳುವುದು ಒಳಿತು. ವಿಜಯಪುರದ ಮಸೀದಿಗಳಿಂದ ಅಂಚೆ ಕಚೇರಿ, ಬಂಗಲೆಗಳನ್ನು ತೆರವುಗೊಳಿಸಲು ಸಾಧ್ಯವಾದದ್ದು ಕಟ್ಟಡಗಳು ಉಳಿದಿದ್ದರಿಂದ. ನೆಲಸಮವಾದ ಮೇಲೆ ಅಂತಹ ಅವಕಾಶ ಇರುವುದಿಲ್ಲ.