ಅವಧಿ ಮುಗಿದ ಮೇಲೂ ಯಂತ್ರವೇ?

ಇಹಲೋಕ ನಶ್ವರ, ಪರಲೋಕ ಅನಂತ ಎಂದು ಮಿಂಬರಿನ ಮೇಲಿಂದ ವರ್ಷವಿಡೀ ಬೋಧಿಸುವ ನಾವು, ತೀವ್ರ ನಿಗಾ ಘಟಕದ ಬಾಗಿಲಲ್ಲಿ ಮಾತ್ರ ಆ ಬೋಧನೆಯನ್ನು ಮರೆಯುತ್ತೇವೆ. ಘನತೆಯ ಮರಣದ ಕುರಿತ ಸುಪ್ರೀಂ ಕೋರ್ಟಿನ ನಿರ್ದೇಶನಗಳನ್ನು ಜಾರಿಗೊಳಿಸಲು 2025ರ ಜನವರಿ 30ರಂದು ಕರ್ನಾಟಕ ಸರಕಾರವು ಸುತ್ತೋಲೆ ಹೊರಡಿಸಿದಾಗ, 'ಇದು ಆತ್ಮಹತ್ಯೆಗೆ ಪರವಾನಗಿ' ಎಂಬ ಮಾತು ನನ್ನ ಕಿವಿಗೂ ಬಿತ್ತು. ಹಾಗೆಂದವರಲ್ಲಿ ಅದನ್ನು ಓದಿದವರೆಷ್ಟು?

ಚುಚ್ಚುಮದ್ದು ನೀಡಿ ಪ್ರಾಣ ತೆಗೆಯುವುದು ಈ ದೇಶದಲ್ಲಿ ಇಂದಿಗೂ ಅಪರಾಧ; ನಮ್ಮಲ್ಲಿ ಅದು ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. 2018ರ ತೀರ್ಪು ಹೇಳುವುದು ಬೇರೆ. ಚೇತರಿಕೆಯ ಆಶೆಯೇ ಇಲ್ಲದ ರೋಗಿಗೆ ಕೃತಕ ಜೀವಾಧಾರವನ್ನು ಮುಂದುವರಿಸದಿರಬಹುದು. ಅದಕ್ಕೂ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಇನ್ನು ಫಿಕ್‌ಹ್. ಮೆದುಳಿನ ಕಾರ್ಯವೆಲ್ಲ ಮರಳಿ ಬಾರದಂತೆ ನಿಂತಿದ್ದರೆ, ಹೃದಯವು ಯಂತ್ರದ ಬಲದಿಂದ ಮಿಡಿಯುತ್ತಿದ್ದರೂ ಆ ಯಂತ್ರವನ್ನು ತೆಗೆಯಬಹುದೆಂದು ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯು 1986ರಲ್ಲೇ ಅಮ್ಮಾನಿನಲ್ಲಿ ನಿರ್ಣಯಿಸಿತು. ಮೆದುಳು ಸಾಯದ ರೋಗಿಯ ವಿಷಯದಲ್ಲಿ ಉಲಮಾಗಳು ಚರ್ಚಿಸಲಿ, ಚರ್ಚಿಸಲೇಬೇಕು. ಆದರೆ ಅಪಸ್ಮಾರದಿಂದ ನರಳುತ್ತಿದ್ದ ಆ ಮಹಿಳೆಯನ್ನು ನೆನೆಯಿರಿ. ಪ್ರವಾದಿವರ್ಯರು(ಸ) ಗುಣವಾಗಲೆಂಬ ದುಆವನ್ನೂ ಸಹನೆಗೆ ಪ್ರತಿಫಲವಾದ ಸ್ವರ್ಗವನ್ನೂ ಆಕೆಯ ಮುಂದಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡರು. ವಾಸಿಯಾಗುವುದೇ ಎಲ್ಲಕ್ಕಿಂತ ಮಿಗಿಲಾಗಿದ್ದರೆ ಆಕೆಗೆ ಆ ಆಯ್ಕೆಯೇ ದೊರೆಯುತ್ತಿರಲಿಲ್ಲ.

ನಮ್ಮ ಓಣಿಯ ಹಿರಿಯರೊಬ್ಬರು 19 ದಿನ ಗಂಟಲಲ್ಲಿ ನಳಿಕೆ ಹೊತ್ತು ಮಲಗಿದ್ದರು. ಮರಳುವ ಭರವಸೆಯಿಲ್ಲವೆಂದು ವೈದ್ಯರು ಆರನೆಯ ದಿನವೇ ತಿಳಿಸಿದ್ದರು. ಮಕ್ಕಳಿಗೆ ಅದು ಅರ್ಥವಾಗಿರಲಿಲ್ಲವೆಂದಲ್ಲ. 'ಅಬ್ಬಾನನ್ನು ಕೊಂದವನು ನೀನೇ' ಎಂದು ನಾಳೆ ಒಡಹುಟ್ಟಿದವನೇ ಅಂದುಬಿಟ್ಟರೆ ಎಂಬ ಅಂಜಿಕೆ ಒಬ್ಬೊಬ್ಬರಿಗೂ ಇತ್ತು. ಮನೆಯ ಹೆಣ್ಣುಮಕ್ಕಳ ಚಿನ್ನ ಅಡವಿಗೆ ಹೋಯಿತು. ಇದನ್ನು ಪಿತೃಭಕ್ತಿ ಎಂದು ಹೊಗಳಿದವರಲ್ಲಿ ನಾನೂ ಒಬ್ಬ, ಈಗ ನಾಚಿಕೆಯಾಗುತ್ತದೆ. ಒಳಗೆ ಹೋಗಲು ದಿನಕ್ಕೆರಡು ಬಾರಿ ಐದೈದು ನಿಮಿಷ. ಕಿವಿಯ ಬಳಿ ಕಲಿಮಾ ಹೇಳಲು ಯಾರಿದ್ದರು? ಆಖಿರತ್ತನ್ನು ನಂಬಿದವನ ಕೊನೆಯ ಗಳಿಗೆಯು ಅಪರಿಚಿತರ ನಡುವೆ, ಯಂತ್ರದ ಸದ್ದಿನಲ್ಲಿ ಕಳೆಯಿತು. ಅನಂತದೆದುರು ಆ ಹದಿಮೂರು ದಿನಗಳ ತೂಕವೆಷ್ಟು?

ಮಯ್ಯಿತ್ ಮನೆಗೆ ಬಂದಾಗ ಅವರ ಮಡದಿ ಕೇಳಿದ್ದು ಒಂದೇ ಮಾತು: "ಕೊನೆಗೆ ಅವರ ತುಟಿಗೆ ನೀರು ಹಾಕಿದವರು ಯಾರು?" ಗಂಡುಮಕ್ಕಳು ಮುಖ ಮುಖ ನೋಡಿಕೊಂಡರು.