ಸಾಹೇಬರ ಕುರ್ಚಿ, ಗೆಳೆಯರ ಹೆಗಲು

2025ರ ಏಪ್ರಿಲ್ ತಿಂಗಳಿನಲ್ಲಿ ದೇಶದ ಅನೇಕ ಮನೆಗಳಲ್ಲಿ ವಿಚಿತ್ರವಾದೊಂದು ಸೂತಕವುಂಟಾಯಿತು. ಸತ್ತವನು ಎಂದೂ ಹುಟ್ಟಿದವನಲ್ಲ. ಸೋನಿ ವಾಹಿನಿಯ 'ಸಿ.ಐ.ಡಿ.' ಧಾರಾವಾಹಿಯ ಎ.ಸಿ.ಪಿ. ಪ್ರದ್ಯುಮ್ನ. ಬಾಂಬಿನ ಸ್ಫೋಟದಲ್ಲಿ ಆತ ಮಡಿದನೆಂದು ವಾಹಿನಿಯವರು ಶ್ರದ್ಧಾಂಜಲಿಯನ್ನೇ ಪ್ರಕಟಿಸಿಬಿಟ್ಟರು. ಅಭಿಮಾನಿಗಳಿಗೆ ಅಳುವಿಗಿಂತ ಮೊದಲು ಕೋಪ ಬಂದಿತು. 1998ರ ಜನವರಿಯಿಂದ ಶಿವಾಜಿ ಸಾತಮ್ ಅವರು ಅಲಂಕರಿಸಿದ್ದ ಕುರ್ಚಿಯಲ್ಲಿ ಆಯುಷ್ಮಾನ್ ಎಂಬ ತರುಣ ಅಧಿಕಾರಿಯನ್ನು ತಂದು ಕೂರಿಸುವುದೆಂದರೇನು?

ಕುರ್ಚಿ ತೆರವಾದುದೇ ನಿಜವಾದರೆ ಅದು ಅಭಿಜಿತನಿಗೆ ಸಲ್ಲಬೇಕಾಗಿತ್ತಲ್ಲವೆ, ಎಂದು ಒಂದು ಪಕ್ಷ ವಾದಿಸಿತು. ಆದಿತ್ಯ ಶ್ರೀವಾಸ್ತವ ಅವರ ಅಭಿಜಿತ ಸೂಕ್ಷ್ಮಮತಿ. ಅಪರಾಧಿಯ ಮುಖ ನೋಡಿಯೇ ಸುಳ್ಳಿನ ಎಳೆ ಹಿಡಿಯಬಲ್ಲವನು. (ಇದೇ ನಟರು ಮೊದಲು ಈ ಧಾರಾವಾಹಿಗೆ ಬಂದುದು ಅಪರಾಧಿಯ ವೇಷದಲ್ಲಿ!) ದಯಾನನ್ನೇಕೆ ಬಿಡುವಿರೆಂದು ಇನ್ನೊಂದು ಪಕ್ಷ. ತುಳುನಾಡಿನ ಮೂಲದ ದಯಾನಂದ ಶೆಟ್ಟಿಯವರು ಒದ್ದು ಮುರಿದ ಬಾಗಿಲುಗಳನ್ನು ಎಣಿಸಿದವರುಂಟೆ? ಆದರೆ ಇಲ್ಲಿಯೇ ತೊಡಕು. ಇಬ್ಬರೂ ಸೀನಿಯರ್ ಇನ್ಸ್‌ಪೆಕ್ಟರುಗಳು, ಸಮಾನಸ್ಕಂಧರು. ಒಬ್ಬ ಮೇಲಧಿಕಾರಿಯಾದರೆ ಇನ್ನೊಬ್ಬ ಅವನಿಗೆ ಸಲಾಮು ಹೊಡೆಯಬೇಕು. ಆಗ ಆ ಸ್ನೇಹ ಉಳಿದೀತೆ? ಇವರ ಸ್ನೇಹ ಇಷ್ಟು ಕಾಲ ಬಾಳಿದುದು ಮೇಲೊಬ್ಬ ಸಾಹೇಬ ಇದ್ದುದರಿಂದಲೇ ಇರಬೇಕು. ಗದರಿಸುವ ಹಿರಿಯರಿದ್ದ ಮನೆಯಲ್ಲಿ ಅಣ್ಣತಮ್ಮಂದಿರು ಒಗ್ಗಟ್ಟಾಗಿರುವುದುಂಟು.

ಆ ಸ್ನೇಹದ ಮೇಲೆ ಅಭಿಮಾನಿಗಳಿಗೆ ಇರುವ ಮೋಹ ಸಾಮಾನ್ಯವಾದುದಲ್ಲ. ಅವರು ತಾವೇ ಕೂತು ಕಥೆಗಳನ್ನು ಬರೆದಿದ್ದಾರೆ. ಅಂಥ ಕಥೆಗಳಲ್ಲಿ ಕೊಲೆ ಬರಿಯ ನೆಪ. ಒಬ್ಬ ಗುಂಡು ತಗುಲಿ ಮಲಗುವನು, ಮತ್ತೊಬ್ಬ ಅನ್ನ ನೀರು ಬಿಟ್ಟು ಹಾಸಿಗೆಯ ಬಳಿ ಕೂರುವನು. ಹೀಗಿರುವಾಗ, 2018ರ ಅಕ್ಟೋಬರಿನಲ್ಲಿ ನಿಂತಿದ್ದ ಧಾರಾವಾಹಿ 2024ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾದಾಗ, ಅಭಿಜಿತನೇ ದಯಾನ ಮೇಲೆ ಗುಂಡು ಹಾರಿಸಿದನೆಂದರೆ ಅವರ ಎದೆ ಒಡೆಯದಿರುತ್ತದೆಯೆ?

ಪ್ರದ್ಯುಮ್ನನ ನಾಯಕತ್ವವೂ ನಿರ್ವಿವಾದವಲ್ಲ. ಅಪರಾಧದ ದಾರಿ ಹಿಡಿದ ಸ್ವಂತ ಮಗ ನಕುಲನನ್ನು ಆತ ತನ್ನ ಕೈಯಾರೆ ಗುಂಡಿಟ್ಟು ಕೊಂದವನು. ಅದನ್ನು ಕರ್ತವ್ಯನಿಷ್ಠೆಯೆಂದು ಕೊಂಡಾಡುವ ತಂದೆಯರುಂಟು. ಆ ಸಂಚಿಕೆಯನ್ನು ಇನ್ನೊಮ್ಮೆ ನೋಡಲಾರೆನೆನ್ನುವ ತಾಯಂದಿರೂ ಉಂಟು. ತಾಯಂದಿರ ಮಾತಿನಲ್ಲಿ ಹೆಚ್ಚು ಸತ್ಯವಿದೆಯೇನೋ. ಆದರೆ ಆತನ ದೊಡ್ಡ ಗುಣ ಬಂದೂಕಿನಲ್ಲಿರಲಿಲ್ಲ. ಬೆರಳುಗಳನ್ನು ಗಾಳಿಯಲ್ಲಿ ತಿರುವುತ್ತ, "ಏನೋ ಎಡವಟ್ಟಾಗಿದೆ, ದಯಾ" ಎನ್ನುವನಲ್ಲ, ಅದರಲ್ಲಿತ್ತು. ತನಗೆ ತಿಳಿಯದಿರುವುದನ್ನು ಕೈಕೆಳಗಿನವರ ಮುಂದೆ ಬಾಯಿಬಿಟ್ಟು ಹೇಳುವ ಮೇಲಧಿಕಾರಿ ಎಷ್ಟು ಕಚೇರಿಗಳಲ್ಲಿ ಸಿಕ್ಕಾನು? ಇನ್ನು ಪ್ರಯೋಗಶಾಲೆಯ ಡಾಕ್ಟರ್ ಸಾಳುಂಕೆಯಂತೂ, ನರೇಂದ್ರ ಗುಪ್ತರ ಮುಖದಲ್ಲಿ ಸದಾ ಮುನಿಸನ್ನು ಹೊತ್ತು, ಸಾಹೇಬರೊಡನೆ ಜಗಳವಾಡದೆ ಒಂದು ವರದಿಯನ್ನೂ ಕೊಟ್ಟವನಲ್ಲ. ಹೆದರದೆ ಎದುರಾಡುವ ಅಂಥ ಗೆಳೆಯನೊಬ್ಬನನ್ನು ಪ್ರದ್ಯುಮ್ನ ಕೊನೆಯವರೆಗೂ ಬಳಿಯಲ್ಲಿಟ್ಟುಕೊಂಡ.

ಫ್ರೆಡ್ರಿಕ್ಸ್ ಮಾತ್ರ ಮರಳಲಿಲ್ಲ. ಆ ಪಾತ್ರದಿಂದ ಮಕ್ಕಳನ್ನು ನಗಿಸುತ್ತಿದ್ದ ದಿನೇಶ್ ಫಡ್ನಿಸ್ ಅವರು 2023ರ ಡಿಸೆಂಬರ್ 5ರಂದು ತೀರಿಕೊಂಡರು. ತಂಡ ಮತ್ತೆ ಕೂಡಿದಾಗ, ಬೈಸಿಕೊಂಡು ಪೆಚ್ಚುನಗೆ ಬೀರುವ ಆ ಮುಖವಿಲ್ಲದೆ ಕಚೇರಿ ಬಿಕೋ ಎನ್ನುತ್ತಿದೆಯೆಂದು ಬಹಳ ಜನ ಹೇಳಿದರು.

ಸಾತಮ್ ಅವರಾದರೋ 2025ರಲ್ಲಿಯೇ, ಹೆಚ್ಚು ಕಾಲ ಕಳೆಯುವ ಮೊದಲೇ, ಮತ್ತೆ ತೆರೆಯ ಮೇಲೆ ಕಾಣಿಸಿಕೊಂಡರು. ಸ್ಫೋಟದಲ್ಲಿ ಸತ್ತವನು ಬಂದುದು ಹೇಗೆಂದು ಕೇಳಿದವರು ಕಡಮೆ.