ಎರಡು ಪುಕ್ಕಟೆ ಸೀಟು

ಅಕ್ಕಗೋಳೆ, ತಂಗಿಗೋಳೆ, ಹೋದ ತಿಂಗಳ ದಿಲ್ಲ್ಯಾಗಿರೋ ತಮ್ಮನ ಮನಿಗೆ ಹೋಗಿದ್ದೆ. ಒಂದ ಪ್ರಯಾಣದಾಗ ಎರಡು ಪುಕ್ಕಟೆ ಸೀಟಿನ್ಯಾಗ ಕುಂತೆ. ಸಿಂಧನೂರಿಂದ ಬೆಂಗಳೂರಿಗೆ ಶಕ್ತಿ ಯೋಜನೆ ಬಸ್ಸು, ಅಲ್ಲಿಂದ ದಿಲ್ಲಿಗೆ ವಿಮಾನದ ಬಿಸಿನೆಸ್ ಕ್ಲಾಸು.

ಬಸ್ಸಿನ್ಯಾಗ ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡೆ. ಹಿಂದ ಕುಂತಿದ್ದ ಒಬ್ಬಾಂವ, "ಪುಕ್ಕಟೆ ಅಂದ್ರ ಸಾಕು, ಹೆಣ್ಮಕ್ಕಳು ಮನಿ ಬಿಟ್ಟು ಹೊಂಟಬಿಡ್ತಾರ" ಅಂದ. 2023ರ ಜೂನ್ 11ರಿಂದ ಕೇಳ್ಕೋತ ಬಂದ ಮಾತ ಅದು. ಆದರೂ ನಾ ಮುಖ ಕಿಟಕಿ ಕಡಿ ತಿರುವಿದೆ.

ವಿಮಾನದ ಟಿಕೆಟ್ ಮಗಳ ಪಾಯಿಂಟಿನದು. ಆಫೀಸ್ ಕೆಲಸಕ್ಕ ಅಡ್ಡಾಡಿ, ಕಾರ್ಡಿನ ಮ್ಯಾಲ ಮನಿ ಸಾಮಾನ ತಂದು, ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿನ್ಯಾಗ ಕೂಡಿಟ್ಟಿದ್ಲು. ಟ್ಯಾಕ್ಸಿಗೆ ಮಾತ್ರ ರೊಕ್ಕ ಕಟ್ಟಿದ್ಲು. ಬೆಂಗಳೂರು ಟರ್ಮಿನಲ್ 2ರಾಗ ತಲಿ ಮ್ಯಾಲೆಲ್ಲ ಬಿದಿರು, ನೋಡ್ಕೋತ ನಿಂತಬಿಟ್ಟೆ. ವಿಮಾನದಾಗ ಎಲ್ಲಾರಕಿಂತ ಮುಂದಿನ ಅಗಲ ಸೀಟು, ಬಿಸಿ ಟವೆಲ್ಲು, ಪಿಂಗಾಣಿ ತಾಟಿನ್ಯಾಗ ಊಟ. ಇಷ್ಟು ವರ್ಷ ಎಲ್ಲಾರಿಗೂ ಬಡಿಸಿ ಕಡೀಕ ಉಂಡಾಕಿ ನಾನು. "ಇನ್ನೇನರ ಬೇಕೇನ್ರಿ?" ಅಂತ ಆ ಹುಡುಗಿ ಕೇಳಿದಾಗ ಏನು ಹೇಳಬೇಕಂತ ತಿಳೀಲಿಲ್ಲ.

ಅಲ್ಲಿ ಯಾರೂ ಪುಕ್ಕಟೆ ಅನ್ನಲಿಲ್ಲ. ಅಲ್ಲಿ ಅದಕ್ಕ ರಿವಾರ್ಡ್ ಅಂತ ಹೆಸರು.

ನಾ ಹೇಳೋದು ಇಷ್ಟ: ಎರಡೂ ಪುಕ್ಕಟೆ ಅಲ್ಲ. ಬಸ್ಸಿನ ರೊಕ್ಕ ಸರಕಾರ ತುಂಬತೈತಿ. ಅದರಾಗ ನಾವು ತಗೊಂಡ ಸೋಪು, ಎಣ್ಣಿ ಮ್ಯಾಲಿನ ತೆರಿಗಿನೂ ಐತಿ. ಪಾಯಿಂಟಿನ ಲೆಕ್ಕ ಇನ್ನೊಂದು ಥರ. ಕಾರ್ಡ್ ಉಜ್ಜಿದಾಗೆಲ್ಲ ಅಂಗಡ್ಯಾಂವನಿಂದ ಬ್ಯಾಂಕಿಗೆ ಒಂದಿಷ್ಟು ಹೋಗತೈತಿ, ಬಾಕಿ ಉಳಿಸಿಕೊಂಡವ್ರ ಬಡ್ಡಿ ಬ್ಯಾರೆ. ಆ ರೊಕ್ಕದಾಗ ಬ್ಯಾಂಕು ವಿಮಾನ ಕಂಪನಿ ಕಡಿಂದ ಪಾಯಿಂಟ್ ಕೊಂಡು ನಮಗ ಕೊಡತೈತಿ. ಬ್ಯಾರೆದವ್ರ ಬಡ್ಡಿ ಮ್ಯಾಲ ವಿಮಾನ ಹತ್ತಿದಾಂವಗ ಮರ್ಯಾದಿ, ನಮ್ಮ ತೆರಿಗಿ ಮ್ಯಾಲ ಬಸ್ ಹತ್ತಿದಾಕಿಗೆ ಚುಚ್ಚು ಮಾತು, ಇದ್ಯಾವ ನ್ಯಾಯ?

ಹಂಗಂತ ಪಾಯಿಂಟಿನ ಆಸೆಕ್ಕ ಸೀರಿ, ಫ್ರಿಜ್ಜು ಕೊಳ್ಳಬ್ಯಾಡ್ರಿ. ಬಾಕಿ ಪೂರ್ತಿ ಕಟ್ಟಲಿಲ್ಲಂದ್ರ ಭಾಳ ಕಾರ್ಡಿನ್ಯಾಗ ನೂರಕ್ಕ ಮೂರು ರೂಪಾಯಿ ಮ್ಯಾಲ ಬಡ್ಡಿ, ಅದೂ ತಿಂಗಳಿಗೆ. ಮೂರು ರೂಪಾಯಿ ಬಡ್ಡಿ ಅಂದ್ರ ಏನಂತ ನಮಗ ಯಾರೂ ಕಲಿಸೋದು ಬ್ಯಾಡ. ಆದ್ರ ತಾನಾಗೇ ಕೂಡಿದ್ದನ್ನ ಕೆಡಿಸಬ್ಯಾಡ್ರಿ, ಅವಕ್ಕೂ ವಾಯಿದೆ ಇರ್ತೈತಿ.

ಮಸ್ಕಿ ತಂಗಿ, "ನನಗ್ಯಾಕ ಬೇಕವ್ವ ಅದು" ಅಂತಾಳ. ಲಿಂಗಸುಗೂರು ಅತ್ತಿ, "ಮೊಮ್ಮಕ್ಕಳು ಹೋಗ್ಲಿ ಬಿಡು" ಅಂತಾರ. ಮುಂದಿನ ಸಲ ಪಾಯಿಂಟ್ ಕೂಡಿದ್ರ ಮೊದಲ ಅತ್ತಿಗೆ ಸೀಟು ಮಾಡಂತ ಮಗಳಿಗೆ ಹೇಳೇನಿ.

ವಾಪಸ್ ಬರೋವಾಗ ಮತ್ತ ಬಸ್ಸಿನ್ಯಾಗ ಶೂನ್ಯ ಟಿಕೆಟ್ ತಗೊಂಡೆ. ಯಾರೋ ಮತ್ತ ಏನೋ ಅಂದ್ರು. ಈ ಸಲ ನಾ ಮುಖ ತಿರುವಲಿಲ್ಲ.